ವೀರಬಾಹುವಿನ ದಾರಿ ಕಾಯುತ್ತ

ಒಂದು ಸಿನಿಮಾ ಊರಿಗೆ ಬರುವುದಕ್ಕೆ ಮುಂಚೆಯೇ ನಮ್ಮ ಕೇರಿಯಲ್ಲಿ ಅದರ ಬಗ್ಗೆ ಜಗಳ ಆಗಿತ್ತಂತೆ. 1965ರ ಮಾತು. ಹುಣಸೂರು ಕೃಷ್ಣಮೂರ್ತಿ 'ಸತ್ಯ ಹರಿಶ್ಚಂದ್ರ' ತೆಗೆದಿದ್ದಾರೆ, ರಾಜಕುಮಾರ್ ಹರಿಶ್ಚಂದ್ರ ಆಗಿದ್ದಾರೆ ಎಂಬ ಸುದ್ದಿಯನ್ನು ವಾಡಿ ಜಂಕ್ಷನ್ನಿನಲ್ಲಿ ಇಳಿದ ಯಾರೋ ತಂದರು. ಅಜ್ಜನಿಗೆ ಆಗ ಇಪ್ಪತ್ತೆರಡು ವರ್ಷ. ಶಹಾಬಾದಿನ ಖಣಿಯಲ್ಲಿ ಫರ್ಸಿ ಎಬ್ಬಿಸುವ ಕೆಲಸ. ಕಟ್ಟೆಯ ಮೇಲೆ ಕೂತ ಹುಡುಗರು ರಾಜಕುಮಾರರ ಬಗ್ಗೆ ಏನೂ ಕೇಳಲಿಲ್ಲ. ಅವರು ಕೇಳಿದ್ದು ಒಂದೇ ಮಾತು: "ಅದೆಲ್ಲಾ ಇರ್ಲಿ, ವೀರಬಾಹು ಯಾರ್ ಆಗ್ಯಾರ?"

ಹಾಗೆ ಕೇಳಲು ಕಾರಣವಿತ್ತು. ಹಿಂದಿನ ವರ್ಷ ಕೇರಿಯವರೇ ಹರಿಶ್ಚಂದ್ರ ನಾಟಕ ಆಡಿದ್ದರು. ಅಜ್ಜನೇ ವೀರಬಾಹು. ಸುಡುಗಾಡಿನ ಒಡೆಯನ ಪಾತ್ರ ಮಾಡಿದವನಿಗೆ, ಆ ಪಾತ್ರವನ್ನು ಪರದೆಯ ಮೇಲೆ ಯಾರು ಮಾಡುತ್ತಾರೆ, ಹೇಗೆ ನಿಲ್ಲುತ್ತಾರೆ, ರಾಜನಿಗೆ ಏನೆಂದು ಕರೆಯುತ್ತಾರೆ ಎನ್ನುವುದು ಬರಿಯ ಕುತೂಹಲ ಅಲ್ಲ. ನನ್ನ ಮಗ್ಗಲು ಮನೆಯವನ ಹಕ್ಕುಪತ್ರ ಯಾರ ಹೆಸರಿಗೆ ಬಂತು ಎಂದು ಕೇಳಿದಷ್ಟು ಗಂಭೀರ. ಜಗಳ ಆದದ್ದು, ಸಿನಿಮಾದಲ್ಲಿ ವೀರಬಾಹುವಿನ ಭಾಗ ಇರುತ್ತದೋ, ಇಲ್ಲಾ ತೆಗೆದುಹಾಕಿರುತ್ತಾರೋ ಎಂಬುದರ ಮೇಲೆ. ತೆಗೆದಿರ್ತಾರ ಅಂದವರು ಹೆಚ್ಚು ಮಂದಿ.

ದಲಿತ ವಿಮರ್ಶೆಯ ಈ ಸಂಚಿಕೆಗೆ ಬರೆಯಲು ಹೇಳಿದಾಗ ನನಗೆ ಮೊದಲು ನೆನಪಾದದ್ದು ಇದೇ ಜಗಳ. ನಾವು ಕೃತಿಯನ್ನು ಓದುತ್ತೇವೆ, ಕೃತಿಕಾರನ ಜಾತಿಯನ್ನು ಓದುತ್ತೇವೆ, ಈಚೆಗೆ ಓದುಗನನ್ನೂ ಓದಲು ಕಲಿತಿದ್ದೇವೆ. ಒಂದು ಕೃತಿಗಾಗಿ ಒಂದು ಕೇರಿ ಕಾಯುವ ರೀತಿಯನ್ನು ಓದುವುದಕ್ಕೆ ನಮ್ಮ ಬಳಿ ಇನ್ನೂ ಪರಿಭಾಷೆ ಇಲ್ಲ. ಇಷ್ಟಕ್ಕೂ ಓದು ಬರದ ಅಜ್ಜ ಅಂದು ಕೇಳಿದ ಪ್ರಶ್ನೆ ಒಳ್ಳೆಯ ವಿಮರ್ಶೆಯ ಪ್ರಶ್ನೆಯೇ ಆಗಿತ್ತು. ಎಂ.ಎ. ಮಾಡಿದ ನನಗೆ ಅದು ಹೊಳೆಯಲು ಬಹಳ ವರ್ಷ ಹಿಡಿಯಿತು.

ಮೊದಲು ನಾಟಕದ ಮಾತು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಊರ ಜಾತ್ರೆಗೆ ನಾಟಕ ಆಡುವುದು ಹಳೆಯ ರೂಢಿ. ಎರಡು ತಿಂಗಳು ಮುಂಚೆ ಹಾರ್ಮೋನಿಯಂ ಮಾಸ್ತರ ಬಂದು ಇಳಿಯುತ್ತಾನೆ. ಪರದೆ, ಕಿರೀಟ, ಗದೆ ಬಾಡಿಗೆಗೆ ಬರುತ್ತವೆ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಪಾತ್ರಕ್ಕೆ ಪಟ್ಟಿ ಹಾಕಿ ದುಡ್ಡು ಕಟ್ಟಿಸಿಕೊಳ್ಳುವುದರಿಂದ ದುಡ್ಡಿದ್ದವನಿಗೆ ದೊಡ್ಡ ಪಾತ್ರ. ಊರವರು ಆಡಿದ ಹರಿಶ್ಚಂದ್ರದಲ್ಲಿ ವೀರಬಾಹು ಆದವನು ಊರೊಳಗಿನ ಒಬ್ಬ ಸಾಹುಕಾರರ ಮಗ. ಮೈಗೆ ಇದ್ದಿಲು ಬಳಿದುಕೊಂಡು, ಕೈಯಲ್ಲಿ ಹೆಂಡದ ಗಡಿಗೆ ಹಿಡಿದು, ತೊದಲುತ್ತ ಬರುತ್ತಿದ್ದನಂತೆ. ಬಂದ ಕೂಡಲೇ ಜನ ನಗುತ್ತಿದ್ದರು. ಸುಡುಗಾಡಿನ ಸೀನಿಗೆ ಹಲಗಿ ಬೇಕಲ್ಲ, ಅದನ್ನು ಬಾರಿಸಲು ಕರೆದದ್ದು ಅಜ್ಜನನ್ನು ಮತ್ತು ಅವನ ಅಣ್ಣನನ್ನು. ಕೂರಲು ಕೊಟ್ಟ ಜಾಗ ರಂಗದ ಮೇಲಲ್ಲ, ಅಟ್ಟದ ಕೆಳಗೆ, ಪೆಟ್ರೋಮ್ಯಾಕ್ಸ್ ಬೆಳಕು ಮುಟ್ಟದ ಮೂಲೆಯಲ್ಲಿ.

ಇದನ್ನು ಸ್ವಲ್ಪ ನಿಂತು ನೋಡಬೇಕು. ಹೊಲೆಯನ ವೇಷ ಮೇಲೆ, ಹೊಲೆಯ ಕೆಳಗೆ. ವೇಷಕ್ಕೆ ಮಾತುಂಟು, ಕೆಳಗಿದ್ದವನಿಗೆ ಸದ್ದು ಮಾತ್ರ ಉಂಟು. ಆ ಸದ್ದು ಇಲ್ಲದೆ ಮೇಲಿನ ಸೀನು ನಡೆಯುವುದೂ ಇಲ್ಲ. ನಮ್ಮ ಸಾಹಿತ್ಯದಲ್ಲಿ ದಲಿತನ ಸ್ಥಾನ ಏನು ಎಂದು ವಿಚಾರ ಸಂಕಿರಣಗಳಲ್ಲಿ ಎರಡು ದಿನ ಚರ್ಚೆ ಮಾಡುತ್ತೇವೆ. ನಮ್ಮೂರ ನಾಟಕದ ಅಟ್ಟ ಅದನ್ನು ಒಂದು ರಾತ್ರಿಯಲ್ಲಿ ತೋರಿಸಿತ್ತು.

ಆ ರಾತ್ರಿ ಕಳೆದ ಮೇಲೆಯೇ ಕೇರಿಯವರು ತಾವೇ ನಾಟಕ ಆಡುವ ಹಟಕ್ಕೆ ಬಿದ್ದದ್ದು. ಮಾಸ್ತರ ಚಿಂಚೋಳಿ ಕಡೆಯವನು, ತೆಲುಗು ಬಲ್ಲವನು. ಗಡಿಯ ಆಚೆ ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಬರೆದ ಹರಿಶ್ಚಂದ್ರ ನಾಟಕದ ಪದ್ಯಗಳು ಜನರ ಬಾಯಲ್ಲಿದ್ದವು. ಆ ನಾಟಕದ ಸ್ಮಶಾನದ ದೃಶ್ಯದಲ್ಲಿ ತೆಲುಗು ನಟರು ಇನ್ನೊಬ್ಬ ಕವಿಯ ಪದ್ಯಗಳನ್ನೂ ಸೇರಿಸಿ ಹಾಡುತ್ತಾರೆ. ಅವು ಗುರ್ರಂ ಜಾಷುವಾ ಅವರ ಸ್ಮಶಾನದ ಪದ್ಯಗಳು. 1895ರಲ್ಲಿ ವಿನುಕೊಂಡದಲ್ಲಿ ಹುಟ್ಟಿದ ದಲಿತ ಕವಿ ಜಾಷುವಾ. 'ಗಬ್ಬಿಲಂ' ಬರೆದವರು. ಬರೆದ ಪದ್ಯ ಮೆಚ್ಚಿ, ಬರೆದವನ ಜಾತಿ ತಿಳಿದೊಡನೆ ಎದ್ದು ಹೋಗುವ ಸಭೆಗಳನ್ನು ಕಂಡವರು. ಅಂಥವರ ಪದ್ಯ ಪುರಾಣ ನಾಟಕದೊಳಕ್ಕೆ ನಟರ ಕೊರಳಿನ ಮೂಲಕ ಹೊಕ್ಕಿತು. ಯಾವ ವಿದ್ವಾಂಸನೂ ಸೇರಿಸಲಿಲ್ಲ, ಯಾವ ಪಂಡಿತನೂ ತೆಗೆಯಲಾಗಲಿಲ್ಲ. ಪ್ರಕ್ಷಿಪ್ತ ಎಂದು ನಾವು ತರಗತಿಯಲ್ಲಿ ಮೂಗು ಮುರಿಯುತ್ತೇವಲ್ಲ, ಅದಕ್ಕೆ ಇಂಥ ಒಂದು ಅರ್ಥವೂ ಇದೆ.

ಮಾಸ್ತರ ಆ ಪದ್ಯಗಳ ಧಾಟಿಯನ್ನು ಅಜ್ಜನಿಗೆ ಕಲಿಸಿದ. ತೆಲುಗು ಮಾತು ಅಜ್ಜನಿಗೆ ಅರೆಬರೆ ತಿಳಿಯುತ್ತಿತ್ತು. ಸತ್ತ ಮೇಲೆ ದೊರೆಯೂ ಭಿಕ್ಷುಕನೂ ಒಂದೇ ಮಣ್ಣು ಎಂಬುದು ಅದರ ಸಾರ ಎಂದು ತಿಳಿದಿದ್ದ, ಅಷ್ಟು ಸಾಕಾಗಿತ್ತು. ಅಜ್ಜನ ವೀರಬಾಹು ತೊದಲಲಿಲ್ಲ, ಗಡಿಗೆ ಹಿಡಿಯಲಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ರಾಜನನ್ನು ಕೊಂಡ ಮೇಲೆ ಒಂದು ಗಳಿಗೆ ಏನೂ ಮಾತಾಡದೆ ಅವನ ಸುತ್ತ ತಿರುಗಿ ನೋಡುತ್ತಿದ್ದನಂತೆ, ಎತ್ತು ಕೊಂಡವ ನೋಡಿದ ಹಾಗೆ. ಜನ ನಗಲಿಲ್ಲ. ಊರವರು ಕೆಲವರು ದೂರ ನಿಂತು ನೋಡಿ, ಮಾತಾಡದೆ ಹೋದರು.

ಹೀಗಾಗಿ ಸಿನಿಮಾಕ್ಕೆ ಕಾದವರಲ್ಲಿ ಎರಡು ಬಗೆ. ಊರೊಳಗಿನವರು ಸತ್ಯಸಂಧನಿಗಾಗಿ ಕಾದರು. ಕೇರಿಯವರು ಸುಡುಗಾಡಿನವನಿಗಾಗಿ ಕಾದರು. ಒಂದೇ ಟಿಕೀಟು, ಎರಡು ಸಿನಿಮಾ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬಾಲ್ಯದಲ್ಲಿ ಕಂಡ ಹರಿಶ್ಚಂದ್ರ ನಾಟಕದ ಬಗ್ಗೆ ಬರೆದಿದ್ದಾರೆ. ಎಷ್ಟು ಸಲ ನೋಡಿದರೂ ತಣಿಯಲಿಲ್ಲ, ಮನಸ್ಸಿನಲ್ಲೇ ಎಷ್ಟೋ ಬಾರಿ ಆ ನಾಟಕ ಆಡಿದೆ, ಎಲ್ಲರೂ ಯಾಕೆ ಹರಿಶ್ಚಂದ್ರನ ಹಾಗೆ ಆಗಬಾರದು ಎಂದು ಕೇಳಿಕೊಂಡೆ ಎನ್ನುತ್ತಾರೆ. ಆ ಹುಡುಗನ ಪ್ರಾಮಾಣಿಕತೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಎಲ್ಲರೂ ಹರಿಶ್ಚಂದ್ರ ಆಗಬೇಕು ಎಂದು ಬಯಸುವ ಹಕ್ಕು ಸಿಂಹಾಸನ ಕಳೆದುಕೊಳ್ಳಬಲ್ಲವರಿಗೆ ಮಾತ್ರ ಇರುತ್ತದೆ. ಸುಡುಗಾಡು ಕಾಯುವುದು ಅರಸನಿಗೆ ಪರೀಕ್ಷೆ. ವೀರಬಾಹುವಿಗೆ ಅದು ಬದುಕು. ಕೆಲ ಕಾಲ ಹೆಣ ಕಾಯ್ದವನಿಗೆ ದೇವತೆಗಳು ಹೂಮಳೆ ಕರೆದರು. ತಲೆಮಾರುಗಟ್ಟಲೆ ಕಾಯ್ದವರಿಗೆ? ಈ ಲೆಕ್ಕ ನಾಟಕದಲ್ಲಿ ಯಾರೂ ಕೇಳುವುದಿಲ್ಲ. 2020-21ರಲ್ಲಿ ಕೋವಿಡ್ ಬಂದಾಗ ಮನೆಯವರೇ ಮುಟ್ಟಲು ಅಂಜಿದ ಹೆಣಗಳನ್ನು ಸುಟ್ಟವರು, ಹೂಳಿದವರು ಯಾರು ಎಂಬುದನ್ನು ನಾವೆಲ್ಲ ನೋಡಿದ್ದೇವೆ. ಅವರನ್ನು ವೀರರು ಎಂದು ಚಪ್ಪಾಳೆ ತಟ್ಟಿದ್ದೂ ಗೊತ್ತು, ಪಗಾರದ ಮಾತು ಬಂದಾಗ ಚಪ್ಪಾಳೆ ನಿಂತದ್ದೂ ಗೊತ್ತು.

ಭಾರತದ ಸಿನಿಮಾ ಹುಟ್ಟಿದ್ದೇ ಈ ಕತೆಯಿಂದ. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರಲ್ಲಿ ಮುಂಬೈಯಲ್ಲಿ ತೆರೆ ಕಂಡಿತು. ಅದರಲ್ಲಿ ರಾಣಿ ತಾರಾಮತಿ ಆದವನು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಸಾಳುಂಕೆ ಎಂಬ ಗಂಡಸು. ಕನ್ನಡದಲ್ಲೂ 1943ರಲ್ಲಿ ಆರ್. ನಾಗೇಂದ್ರರಾಯರ ನಿರ್ದೇಶನದಲ್ಲಿ, ಸುಬ್ಬಯ್ಯ ನಾಯ್ಡು ನಟನೆಯಲ್ಲಿ ಒಂದು ಹರಿಶ್ಚಂದ್ರ ಬಂದಿತ್ತು. ಅವರಿಬ್ಬರೂ ನಾಟಕ ಕಂಪನಿಯವರು. ಕನ್ನಡ ವಾಕ್ಚಿತ್ರ ಎನ್ನುವುದೇ ಕಂಪನಿ ನಾಟಕದ ಪರದೆಯನ್ನು ಬಿಚ್ಚಿ ಸಿನಿಮಾ ಪರದೆ ಕಟ್ಟಿದ್ದು. ಹಾಡು, ಮಟ್ಟು, ನಗೆಗಾರ, ದೇವರ ಪ್ರತ್ಯಕ್ಷ ಎಲ್ಲ ಅಲ್ಲಿಂದಲೇ ಬಂದವು. ಅಟ್ಟದ ಕೆಳಗಿನ ಹಲಗಿಯ ಜಾಗವೂ ಅಲ್ಲಿಂದಲೇ ಬಂತೋ ಎಂದು ನೋಡುವುದು ನಮ್ಮ ಕೆಲಸ.

ಕಾವ್ಯಕ್ಕೆ ಹೋಗದೆ ಈ ಪ್ರಶ್ನೆ ಬಿಡಿಸಲಾಗದು. ಹಂಪೆಯ ರಾಘವಾಂಕ ಷಟ್ಪದಿಯಲ್ಲಿ ಬರೆದ ಹರಿಶ್ಚಂದ್ರ ಕಾವ್ಯದಲ್ಲಿ ಗಾಣರಾಣಿಯರ ಪ್ರಸಂಗ ಬರುತ್ತದೆ. ವಿಶ್ವಾಮಿತ್ರ ಹುಟ್ಟಿಸಿ ಕಳಿಸಿದ ಇಬ್ಬರು ಹೊಲತಿಯರು ರಾಜನೆದುರು ಹಾಡಿ ಕುಣಿಯುತ್ತಾರೆ. ರಾಜ ಮೆಚ್ಚಿ ಒಡವೆ ಕೊಡುತ್ತಾನೆ. ಒಡವೆ ಬೇಡ, ನೆರಳಿಗೆ ನಿನ್ನ ಮುತ್ತಿನ ಕೊಡೆ ಕೊಡು ಎನ್ನುತ್ತಾರೆ. ಅದು ಕುಲದ ಗುರುತು, ಕೊಡಲಾರೆ ಎನ್ನುತ್ತಾನೆ. ಹಾಗಾದರೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ರಾಜನಿಗೆ ಸಿಟ್ಟು. ಆಗ ಆ ಹುಡುಗಿಯರು ಎತ್ತುವ ವಾದ ಕನ್ನಡದಲ್ಲಿ ಅಸ್ಪೃಶ್ಯತೆಯ ವಿರುದ್ಧ ಎದ್ದ ಅತ್ಯಂತ ಹರಿತ ತರ್ಕಗಳಲ್ಲಿ ಒಂದು. ನಮ್ಮ ಹಾಡು ಕೇಳಿದ ಕಿವಿಗೆ ಮೈಲಿಗೆ ಆಗಲಿಲ್ಲ. ನಮ್ಮ ರೂಪ ಕಂಡ ಕಣ್ಣಿಗೆ ಆಗಲಿಲ್ಲ. ನಮ್ಮ ಮೈಯ ಕಂಪು ಉಂಡ ಮೂಗಿಗೂ ಆಗಲಿಲ್ಲ. ಐದು ಇಂದ್ರಿಯಗಳಲ್ಲಿ ಮುಟ್ಟುವ ಒಂದಕ್ಕೆ ಮಾತ್ರ ಹೇಗೆ ಹೊಲೆ ಅಂಟುತ್ತದೆ? ರಾಜನ ಬಳಿ ಇದಕ್ಕೆ ಉತ್ತರವಿಲ್ಲ. ಬೈದು ಬಡಿದು ಅಟ್ಟುತ್ತಾನೆ.

ಮುಂದಿನದು ಇನ್ನೂ ಮುಖ್ಯ. ವಿಶ್ವಾಮಿತ್ರ ಬಂದು, ಇವರನ್ನು ಮದುವೆಯಾಗು ಎಂದು ಪಟ್ಟು ಹಿಡಿಯುತ್ತಾನೆ. ಆಗಲಾರೆ, ಬೇಕಾದರೆ ರಾಜ್ಯವನ್ನೇ ಕೊಟ್ಟೇನು ಎನ್ನುತ್ತಾನೆ ಹರಿಶ್ಚಂದ್ರ. ಹಾಗೆ ರಾಜ್ಯ ಹೋಯಿತು. ಅಂದರೆ ಆತ ಸಿಂಹಾಸನ ಬಿಟ್ಟದ್ದು ಮೊದಲಿಗೆ ಜಾತಿಗಾಗಿ. ಕೊಟ್ಟ ಮಾತನ್ನು ಉಳಿಸಿಕೊಂಡದ್ದು ಆಮೇಲೆ. ನಾಲ್ಕಾರು ತಲೆಮಾರು ಈ ಕಾವ್ಯವನ್ನು ಸತ್ಯದ ಕಾವ್ಯ ಎಂದು ಪಾಠ ಹೇಳಿದ ನಮ್ಮ ಮೇಷ್ಟ್ರುಗಳು ಈ ಒಂದು ತಿರುವಿನಲ್ಲಿ ಮಾತ್ರ ಯಾಕೆ ಅಷ್ಟು ವೇಗವಾಗಿ ನಡೆದುಬಿಡುತ್ತಾರೆ? ಹೊಲತಿಯನ್ನು ಮುಟ್ಟಲಾರೆ ಎಂದವನನ್ನೇ ಕೊನೆಗೆ ಹೊಲೆಯನ ಆಳು ಮಾಡಿದ್ದು ರಾಘವಾಂಕನ ಜಾಣತನ ಎನ್ನುವವರಿದ್ದಾರೆ. ಇರಬಹುದು. ವಚನ ಚಳವಳಿ ನಡೆದ ಕಲ್ಯಾಣದ ನೆನಪು ಇನ್ನೂ ಆರದ ಕಾಲದ ಕವಿ ಆತ. ಆ ಪ್ರಶ್ನೆಯನ್ನು ಹೆಣ್ಣಿನ ಬಾಯಲ್ಲಿ, ಅದೂ ಹೊಲತಿಯ ಬಾಯಲ್ಲಿ ಇಟ್ಟದ್ದಕ್ಕೆ ನಾನು ಆತನಿಗೆ ಋಣಿ. ಆದರೆ ಗೆದ್ದ ವಾದವನ್ನು ಅಲ್ಲೇ ಬಿಟ್ಟು ಸೋತ ರಾಜನ ಬೆನ್ನು ಹತ್ತಿ ಕಾವ್ಯ ಕಾಶಿಗೆ ಹೋಗುತ್ತದೆ ಎಂಬುದನ್ನೂ ಹೇಳಲೇಬೇಕು.

ನಾಟಕದ ಮಾಸ್ತರರ ಕೈಗೆ ಬಂದಾಗ ಆ ವಾದ ಹೋಯಿತು, ಕುಣಿತ ಉಳಿಯಿತು. ನಮ್ಮ ಕಡೆ ಆ ಸೀನು ಅಂದರೆ ಹೊರಗಿನಿಂದ ಕರೆಸಿದ ಕಲಾವಿದೆಯರು ಎರಡು ಹಾಡಿಗೆ ಹೆಜ್ಜೆ ಹಾಕುವುದು, ಮುಂದೆ ಕೂತವರು ನೋಟು ಚುಚ್ಚುವುದು. ಕೇರಿಯವರು ಆಡಿದ ನಾಟಕದಲ್ಲೂ ಅಷ್ಟೇ. ಅಜ್ಜ ವೀರಬಾಹುವನ್ನು ತಿದ್ದಿಕೊಂಡ, ಆ ಹುಡುಗಿಯರನ್ನು ತಿದ್ದಲಿಲ್ಲ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಆದರೂ ಬರೆಯಬೇಕು. ಕೇರಿಯ ಗಂಡಸರು ತಮ್ಮ ಘನತೆಗಾಗಿ ಕಾದರು. ಆ ಘನತೆಯ ಪಟ್ಟಿಯಲ್ಲಿ ಗಾಣರಾಣಿಯರ ಹೆಸರು ಇರಲಿಲ್ಲ.

ಸಿನಿಮಾ ಬಿಡುಗಡೆಯಾದ ಎಷ್ಟೋ ತಿಂಗಳ ಮೇಲೆ ನಮ್ಮ ಭಾಗಕ್ಕೆ ಬಂತಂತೆ. ಹಿಂದಿ, ತೆಲುಗು ಪಿಕ್ಚರು ಬಂದಷ್ಟು ಬೇಗ ಕನ್ನಡ ಪಿಕ್ಚರು ಬರುವ ಸೀಮೆ ನಮ್ಮದಲ್ಲ. ಅಜ್ಜ ಮತ್ತು ಎಂಟು ಮಂದಿ ಖಣಿಯ ಒಂದು ಪಾಳಿ ಬಿಟ್ಟು ಹೋದರು. ಹೆಂಗಸರನ್ನು ಕರೆದುಕೊಂಡು ಹೋಗಲಿಲ್ಲ. ಅಜ್ಜಿ ಬುತ್ತಿ ಕಟ್ಟಿಕೊಟ್ಟಳು.

ವೀರಬಾಹುವಿನ ಭಾಗವನ್ನು ತೆಗೆದಿರಲಿಲ್ಲ. ವೀರಬಾಹು ಆಗಿದ್ದವರು ಎಂ.ಪಿ. ಶಂಕರ್. ಮೈಸೂರಿನ ಪೈಲ್ವಾನರು, ಮುಂದೆ 'ಗಂಧದ ಗುಡಿ' ನಿರ್ಮಿಸಿದವರು. ಆ ಮೈಕಟ್ಟು ಪರದೆ ತುಂಬಿದಾಗ ಕೂತಲ್ಲಿಂದ ಎದ್ದೆವು ಅಂತ ಅಜ್ಜ ಹೇಳುತ್ತಿದ್ದ. ಆಮೇಲೆ ಆ ಹಾಡು. ಹುಣಸೂರು ಕೃಷ್ಣಮೂರ್ತಿಯವರೇ ಬರೆದು, ಪೆಂಡ್ಯಾಲ ನಾಗೇಶ್ವರರಾವ್ ರಾಗ ಕೂಡಿಸಿ, ಘಂಟಸಾಲ ಹಾಡಿದ್ದು. ಹುಟ್ಟಿನಲ್ಲಿ ಮೇಲು ಯಾವುದು ಕೀಳು ಯಾವುದು ಎಂದು ಕೇಳುವ ಆ ಹಾಡನ್ನು ಇಂದಿಗೂ ಮದುವೆ ಬ್ಯಾಂಡಿನವರು ನುಡಿಸುತ್ತಾರೆ, ಅರ್ಥ ಮರೆತು ಕುಣಿಯುತ್ತಾರೆ. ಅಂದು ಟಾಕೀಸಿನ ನೆಲದ ಕ್ಲಾಸಿನಲ್ಲಿ ಕೂತ ಒಂಬತ್ತು ಮಂದಿಗೆ ಅದು ಕುಣಿತದ ಹಾಡಾಗಿರಲಿಲ್ಲ. ಸಾವಿರ ಜನ ಕೂತ ಕತ್ತಲೆಯಲ್ಲಿ ತಮ್ಮ ಪ್ರಶ್ನೆಯನ್ನು ಯಾರೋ ಗಟ್ಟಿ ದನಿಯಲ್ಲಿ ಕೇಳಿದ್ದನ್ನು ಅವರು ಮೊದಲ ಸಲ ಕೇಳಿದ್ದರು. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1955ರಲ್ಲೇ ಬಂದಿತ್ತು. ಅದರ ಸುದ್ದಿ ಕೇರಿಗೆ ಬಂದದ್ದಕ್ಕಿಂತ ಮೊದಲು ಈ ಹಾಡು ಬಂದಿತ್ತು.

ಈ ಚಿತ್ರಕ್ಕೆ ಆ ವರ್ಷದ ಕನ್ನಡ ಚಿತ್ರಗಳಲ್ಲಿ ರಾಷ್ಟ್ರಪತಿಗಳ ಬೆಳ್ಳಿ ಪದಕವೂ ಸಿಕ್ಕಿತು. ಇಷ್ಟೆಲ್ಲ ಒಪ್ಪಿಕೊಂಡೇ ನಾನು ಎರಡು ಆಕ್ಷೇಪ ಎತ್ತುತ್ತೇನೆ.

ಒಂದು: ಆ ಪ್ರಶ್ನೆಯನ್ನು ಎಲ್ಲಿ ನಿಂತು ಕೇಳಿಸಿದರು? ಸುಡುಗಾಡಿನಲ್ಲಿ. ರಾಜನ ಓಲಗದಲ್ಲಿ ನಿಂತು ಗಾಣರಾಣಿಯರು ಕೇಳಿದ್ದ ಪ್ರಶ್ನೆ ಅದು. ಸಿನಿಮಾದಲ್ಲೂ ಮಾತಂಗ ಕನ್ಯೆಯರು ಬರುತ್ತಾರೆ, ಕುಣಿಯುತ್ತಾರೆ, ರಾಜ ಒಲ್ಲೆ ಎನ್ನುತ್ತಾನೆ. ಆದರೆ ನೋಡಿದವರ ನೆನಪಿನಲ್ಲಿ ಉಳಿದದ್ದು ಸ್ಮಶಾನದ ಹಾಡೇ. ಅಧಿಕಾರದ ಎದುರು ಕೇಳಿದರೆ ಅದು ವಾದ, ಹೆಣಗಳ ನಡುವೆ ಕೇಳಿದರೆ ಅದು ವೈರಾಗ್ಯ. ವಾದಕ್ಕೆ ಉತ್ತರ ಕೊಡಬೇಕಾಗುತ್ತದೆ. ವೈರಾಗ್ಯಕ್ಕೆ ತಲೆದೂಗಿ ಮನೆಗೆ ಹೋಗಬಹುದು. ಸತ್ತ ಮೇಲೆ ಎಲ್ಲರೂ ಸಮ ಎನ್ನುವುದನ್ನು ಒಪ್ಪದ ಜಾತಿವಾದಿ ಯಾರಿದ್ದಾನೆ? ನಮ್ಮ ಕಡೆ ಹಳ್ಳಿಗಳಲ್ಲಿ ಅದೂ ಸುಳ್ಳು ಅನ್ನಿ. ಸುಡುಗಾಡೂ ಎರಡಿರುತ್ತವೆ, ಕೆಲವು ಕಡೆ ನಮಗೆ ಒಂದೂ ಇರುವುದಿಲ್ಲ, ಹಳ್ಳದ ದಂಡೆ ಹುಡುಕಬೇಕಾಗುತ್ತದೆ.

ಎರಡು: ವೀರಬಾಹು ಯಾರು ಎಂಬುದು. ಮಾರ್ಕಂಡೇಯ ಪುರಾಣದಲ್ಲಿ ಹರಿಶ್ಚಂದ್ರನನ್ನು ಕೊಂಡ ಚಂಡಾಲ ಚಂಡಾಲನೇ ಅಲ್ಲ, ವೇಷ ತೊಟ್ಟ ಧರ್ಮ. ಊರ ನಾಟಕಗಳಲ್ಲೂ ಕೊನೆಯ ಸೀನಿನಲ್ಲಿ ವೀರಬಾಹು ಕಂಬಳಿ ಕಿತ್ತೆಸೆದು ಯಮಧರ್ಮನಾಗಿ ಕಿರೀಟ ಹಾಕಿಕೊಳ್ಳುತ್ತಾನೆ. ಅಂದರೆ ರಾಜ ಹೊಲೆಯನ ಆಳಾಗಲೇ ಇಲ್ಲ! ಕ್ಷತ್ರಿಯನನ್ನು ಕೊಂಡದ್ದು ದೇವರು. ಇಡೀ ಕತೆಯಲ್ಲಿ ಇದ್ದ ಒಬ್ಬನೇ ಒಬ್ಬ ಅಧಿಕಾರವಂತ ಹೊಲೆಯ ಕೊನೆಯ ಐದು ನಿಮಿಷದಲ್ಲಿ ಮಾಯವಾಗುತ್ತಾನೆ. ಪುರೋಹಿತಶಾಹಿಯ ಕಸೂತಿ ಎಷ್ಟು ನಾಜೂಕು ನೋಡಿ. ಕೇರಿಯವರು ಆಡಿದಾಗ ಮಾಸ್ತರ ಎಷ್ಟು ಹೇಳಿದರೂ ಅಜ್ಜ ಕಿರೀಟ ಹಾಕಿಕೊಳ್ಳಲಿಲ್ಲವಂತೆ. "ನಾ ಹಿಂಗೇ ನಿಂದರ್ತೀನಿ, ಬೇಕಾದ್ರ ದೇವ್ರೇ ಬಂದು ನನ್ನ ಮಗ್ಗಲಿಗಿ ನಿಂದರ್ಲಿ" ಅಂದನಂತೆ. ಹಾಗೇ ಆಡಿದರು. ಪುರಾಣವನ್ನು ಮುರಿದು ಕಟ್ಟುವುದು ಎಂದು ನಾವು ಈಗ ಏನನ್ನು ಕರೆಯುತ್ತೇವೋ ಅದು ಅವನಿಗೆ ಕಿರೀಟ ಒಲ್ಲೆ ಅನ್ನುವುದಾಗಿತ್ತು.

ಸಿನಿಮಾ ನೋಡಿ ಬಂದ ರಾತ್ರಿ ಅಜ್ಜಿ ಕೇಳಿದ್ದು ಬೇರೆಯೇ ಮಾತು. "ಆ ಇಬ್ರು ಹುಡಿಗ್ಯಾರು ಕಡೀಕ್ ಏನಾದ್ರು?" ಅಜ್ಜನಿಗೆ ಉತ್ತರ ಗೊತ್ತಿರಲಿಲ್ಲ. "ಅವ್ರಿಗಿ ಏನಾಗ್ತದ, ಕುಣದು ಹ್ವಾದ್ರು" ಅಂದ. "ಕುಣದು ಎಲ್ಲಿಗಿ ಹ್ವಾದ್ರು?" ಅಜ್ಜ ಮುಖ ತಿರುಗಿಸಿ ಮಲಗಿದ.

ಹಾಡಿನ ನಾಟಕಗಳು ಸಿನಿಮಾ ಆಗುವಾಗ ನಮ್ಮ ಸೀಮೆಯವರು ಇನ್ನೊಂದನ್ನೂ ಕಳೆದುಕೊಂಡಿದ್ದಾರೆ. ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ ಆಡಿದ ನಾಟಕ. 1974ರಲ್ಲಿ ಅದು ರಾಜಕುಮಾರರ ಚಿತ್ರವಾಯಿತು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಎಮ್ಮೆಯ ಮೇಲೆ ಕೂತು ರಾಜಕುಮಾರ್ ಸ್ವತಃ ಹಾಡಿದ ಹಾಡು ಅವರನ್ನು ಗಾಯಕರನ್ನಾಗಿ ನಿಲ್ಲಿಸಿತು. ನಾಟಕ ಬಾಯಿಪಾಠ ಇದ್ದ ನಮ್ಮವರು ಖುಷಿಯಿಂದಲೇ ನೋಡಿದರು, ಆದರೆ ಹೊರಗೆ ಬಂದು "ಕಥಿ ನಮ್ದೇ, ಮಾತು ನಮ್ದಲ್ಲ" ಅಂದರು. ಸಾಹುಕಾರನಿಗೆ ಸವಾಲು ಹಾಕುವವನು ಮೈಸೂರು ಕನ್ನಡದಲ್ಲಿ ಸವಾಲು ಹಾಕಬೇಕಾಯಿತು. ಮಳಖೇಡ ನಮ್ಮ ಸೇಡಂ ತಾಲ್ಲೂಕಿನಲ್ಲಿಯೇ ಇದೆ, ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ. ಕನ್ನಡದ ಮೊದಲ ಗ್ರಂಥ ಕೊಟ್ಟ ನೆಲದ ಕನ್ನಡ ಸಿನಿಮಾದಲ್ಲಿ ನಗೆಗಾರನ ಬಾಯಲ್ಲಿ ಮಾತ್ರ ಇರುತ್ತದೆ. ಈಗ ಅಲ್ಲಿ ಹೋದವರಿಗೆ ಕೋಟೆಗಿಂತ ಮೊದಲು ಸಿಮೆಂಟಿನ ಧೂಳು ಕಾಣುತ್ತದೆ, ಅದು ಬೇರೆ ಮಾತು.

2008ರಲ್ಲಿ 'ಸತ್ಯ ಹರಿಶ್ಚಂದ್ರ'ಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ನಾನು ಆಗ ಪ್ರಾಥಮಿಕ ಶಾಲೆಯಲ್ಲಿದ್ದೆ. ಪೇಪರಿನಲ್ಲಿ ಬಣ್ಣದ ಚಿತ್ರ ನೋಡಿ ಅಜ್ಜ ಅದನ್ನು ಕತ್ತರಿಸಿ ಇಟ್ಟುಕೊಂಡ. ಎರಡನೆಯ ಸಲ ಕಾಯತೊಡಗಿದ. ಅಷ್ಟೊತ್ತಿಗೆ ಖಣಿಯ ಧೂಳು ಎದೆಗೆ ಇಳಿದಿತ್ತು, ದೂರ ಹೋಗುವಂತಿರಲಿಲ್ಲ. ನಮ್ಮೂರಿಗೆ ಹತ್ತಿರದ ಟಾಕೀಸಿಗೆ ಬಂದೀತು ಎಂದು ಕಾದ, ಬರಲಿಲ್ಲ. ಮರುವರ್ಷ ಅಪ್ಪ ವಾಡಿಯಿಂದ ಒಂದು ಸಿಡಿ ತಂದ, ಹಳೆಯ ಕಪ್ಪು ಬಿಳುಪಿನದು. ಬಣ್ಣ ಎಲ್ಲದ ಎಂದು ಅಜ್ಜ ಕೇಳಲಿಲ್ಲ. ವೀರಬಾಹು ಬಂದಾಗ ಕೈಯಲ್ಲಿದ್ದ ಬೀಡಿ ಆರಿಸಿದ. ಅಜ್ಜಿ ಅಂದು ಮೊದಲ ಸಲ ಆ ಸಿನಿಮಾ ನೋಡಿದಳು, ನಲವತ್ತಕ್ಕೂ ಹೆಚ್ಚು ವರ್ಷ ತಡವಾಗಿ. ಮಾತಂಗ ಕನ್ಯೆಯರು ಕುಣಿದು ಮುಗಿಸಿದ ಮೇಲೆ ಎದ್ದು ಒಲೆಯ ಕಡೆ ಹೋದಳು.

ಈಗಿನ ಮಾತು. ನಾನು ಚಿತ್ತಾಪುರ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಏನು ಎಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ರಾಘವಾಂಕ ಪಾಠವಿತ್ತು. ಗಾಣರಾಣಿಯರ ವಾದವನ್ನು ನಾನು ಬಿಡಿಸಿ ಹೇಳಿದ ದಿನ ಹಿಂದಿನ ಬೆಂಚಿನ ಇಬ್ಬರು ಹುಡುಗಿಯರು ತರಗತಿ ಮುಗಿದ ಮೇಲೂ ಕೂತಿದ್ದರು. ಗ್ಯಾದರಿಂಗಿನಲ್ಲಿ ಇದನ್ನೇ ಆಡುತ್ತೇವೆ ಮೇಡಂ ಅಂದರು. ಕುಣಿತ ಕಮ್ಮಿ, ವಾದ ಪೂರ್ತಿ. ಹಾಡುಗಳಿಗೆ ಮಟ್ಟು ತಾವೇ ಹಾಕಿಕೊಂಡರು, ಒಂದು ಸೋಬಾನೆಯ ಧಾಟಿ, ಒಂದು ತಾಂಡಾದ ಹುಡುಗಿ ತಂದ ಲಂಬಾಣಿ ಧಾಟಿ. ತಾಲೀಮು ನಡೆದಾಗ ಮೇಲಿ­ನವರೊಬ್ಬರು ಕರೆದು, ಹರಿಶ್ಚಂದ್ರ ಆಡ್ರಿ ಚಲೋದು, ಆದರ ಜಾತಿ ಗೀತಿ ಬ್ಯಾಡ ಎಂದರು. ಜಾತಿ ತೆಗೆದರೆ ರಾಜ್ಯ ಯಾಕೆ ಹೋಯಿತು ಎಂದು ಹೇಗೆ ತೋರಿಸುವುದು ಎಂದು ನಾನು ಕೇಳಿದೆ. ಅದನ್ನ ಬಿಟ್ಟು ಮುಂದಿಂದ ಶುರು ಮಾಡ್ರಿ ಎಂದರು. ಆ ವರ್ಷ ಗ್ಯಾದರಿಂಗಿನಲ್ಲಿ ಸಿನಿಮಾ ಹಾಡಿಗೆ ಕುಣಿತ ಆಯಿತು.

ಹುಡುಗಿಯರು ಬಿಡಲಿಲ್ಲ. ರಂಗ ಕೊಡದಿದ್ದರೆ ಬೇಡ, ಪಿಕ್ಚರ್ ಮಾಡೋಣ ಎಂದರು. ಒಬ್ಬಳ ಅಣ್ಣ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು, ಒಳ್ಳೆಯ ಮೊಬೈಲ್ ಕೊಂಡಿದ್ದಾನೆ. ಸೊಲ್ಲಾಪುರ ಜಿಲ್ಲೆಯ ಕರಮಾಳಾದಿಂದ ಬಂದ ನಾಗರಾಜ ಮಂಜುಳೆ 'ಫ್ಯಾಂಡ್ರಿ' ತೆಗೆದದ್ದು 2013ರಲ್ಲಿ. ಅದರ ಕೊನೆಯಲ್ಲಿ ಹುಡುಗ ಎಸೆಯುವ ಕಲ್ಲು ನೇರ ನೋಡುವವರ ಕಡೆ ಬರುತ್ತದೆ. ಇವರು ಅದನ್ನು ಮೊಬೈಲಿನಲ್ಲಿ ನೋಡಿದವರು. ಸಿನಿಮಾ ಎಂದರೆ ಟಾಕೀಸಿಗೆ ಬರುವವರೆಗೆ ಕಾಯುವ ವಸ್ತು ಅನ್ನುವ ಭಾವನೆ ಅವರಿಗಿಲ್ಲ. ಅಜ್ಜನ ಕಾಲದ ಕಾಯುವಿಕೆಗೂ ಇವರದಕ್ಕೂ ಇರುವ ಫರಕು ಇದೇ. ಆತ, ತನ್ನವನನ್ನು ಅವರು ಹೇಗೆ ತೋರಿಸಿಯಾರು ಎಂದು ಕಾದ. ಇವರು, ಬ್ಯಾಟರಿ ಯಾವಾಗ ತುಂಬೀತು ಎಂದು ಕಾಯುತ್ತಾರೆ.

ಇದನ್ನು ದೊಡ್ಡ ಕ್ರಾಂತಿ ಎಂದು ನಾನು ಹೇಳುತ್ತಿಲ್ಲ. ತಾಪತ್ರಯ ಬಹಳ. ವೀರಬಾಹುವಿನ ಪಾತ್ರಕ್ಕೆ ಕೇಳಿದರೆ ನಮ್ಮ ಹುಡುಗರೇ ಒಲ್ಲೆ ಎನ್ನುತ್ತಾರೆ. ಒಬ್ಬ ಬಾಯಿಬಿಟ್ಟು ಹೇಳಿದ: "ಮೇಡಂ, ಅದು ಫೋನಿನ್ಯಾಗ ಊರೆಲ್ಲಾ ತಿರಗ್ತದ. ನಂಗ ನೌಕ್ರಿ ಬೇಕು." ಅಜ್ಜ ಹೆಮ್ಮೆಯಿಂದ ನಿಂತ ಜಾಗದಲ್ಲಿ ಮೊಮ್ಮಗನ ವಯಸ್ಸಿನವನು ನಿಲ್ಲಲು ಅಂಜುತ್ತಾನೆ. ಅವನನ್ನು ಹಳಿಯಲು ನನಗೆ ಮನಸ್ಸಿಲ್ಲ. ಕೇರಿಯೊಳಗೆ ಆಡಿದ ನಾಟಕ ಬೆಳಗಾದರೆ ಮುಗಿಯುತ್ತಿತ್ತು. ಕ್ಯಾಮೆರಾ ಜಾತಿಯನ್ನು ಹಿಡಿದಿಟ್ಟು ಬಾಡಿಗೆ ಮನೆ ಕೇಳಲು ಹೋದಲ್ಲಿಗೂ ಕಳಿಸುತ್ತದೆ. ನಮ್ಮ ಅಸ್ಮಿತೆಯ ಚರ್ಚೆಗಳು ಈ ಅಂಜಿಕೆಯನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ. ಕೊನೆಗೆ ಗಾಣರಾಣಿ ಆಗಬೇಕಿದ್ದ ಹುಡುಗಿಯೇ ವೀರಬಾಹುವೂ ತಾನೇ ಆಗುತ್ತೇನೆ ಎಂದಳು. ಸುಡುಗಾಡಿನಲ್ಲಿ ರಾಜನನ್ನು ಕೊಂಡವಳು, ಓಲಗದಲ್ಲಿ ಅವನಿಂದ ಬೈಸಿಕೊಂಡವಳೇ. ಹೀಗೆ ಮಾಡಿದರೆ ಕತೆ ಏನಾಗುತ್ತದೆ ಎಂದು ನಾನು ಯೋಚಿಸುತ್ತ ಕೂತೆ. ಅಷ್ಟರಲ್ಲಿ ಅವಳು ಕಂಬಳಿ ಎಲ್ಲಿ ಸಿಗ್ತದ ಎಂದು ಕೇಳಿದಳು. ಅಜ್ಜ 2016ರಲ್ಲಿ ತೀರಿಕೊಂಡ. ಕಂಬಳಿ ಮನೆಯಲ್ಲಿದೆ.

ಅಜ್ಜಿಗೆ ಈ ಸುದ್ದಿ ಹೇಳಿದ್ದೇನೆ. ಈಗ ಕಣ್ಣು ಮಸುಕು, ಮೊಬೈಲಿನ ಪರದೆ ಅವಳಿಗೆ ಕಾಣುವುದೇ ಕಷ್ಟ. ಆದರೂ ನಾನು ಊರಿಗೆ ಹೋದಾಗಲೆಲ್ಲ "ಆಯ್ತೇನು?" ಎಂದು ಕೇಳುತ್ತಾಳೆ. ಗೋಡೆಗೆ ಬಿಳಿ ಧೋತರ ಕಟ್ಟಿ ದೊಡ್ಡದಾಗಿ ತೋರಿಸುವುದು ಎಂದು ಹುಡುಗಿಯರು ಮಾತು ಕೊಟ್ಟಿದ್ದಾರೆ.

ಶಹಾಬಾದಿನ ಹತ್ತಿರ ಕೈಬಿಟ್ಟ ಒಂದು ಹಳೆಯ ಖಣಿ ನೋಡಿ ಬಂದಿದ್ದೇವೆ. ಸುತ್ತ ಕಡಿದ ಫರ್ಸಿಯ ಪದರು, ನಡುವೆ ನೀರು. ಕಾಶಿಯ ಘಾಟು ಅದೇ, ಸುಡುಗಾಡೂ ಅದೇ. ಬರುವ ರವಿವಾರ ಮೊದಲನೇ ದಿನದ ಶೂಟಿಂಗ್, ಬಿಸಿಲು ಏರುವ ಮುಂಚೆ. ರಾಜ ಆಗುವ ಹುಡುಗನಿಗೆ ಮೀಸೆ ಬಂದಿಲ್ಲ, ಅಂಟಿಸಬೇಕು. ಹಲಗಿ ಒಂದು ಸಿಕ್ಕಿದೆ, ಇನ್ನೊಂದು ಬೇಕಾಗಿದೆ.